ಗಡೀಪಾರಿಗೆ ಮುನ್ನ ಅಲ್ಲಿನ ಸ್ಥಿತಿ ನೋಡಬೇಕು

ಮಾನ್ಯ ಸಂಪಾದಕರೆ,

ಕಾಫಿ ಕೊಯ್ಲು ಶುರುವಾದೊಡನೆ ಮೂಡಿಗೆರೆ, ಸಕಲೇಶಪುರದ ತೋಟಗಳ ಲೈನ್‌ಮನೆಗಳಿಗೆ ಅಸ್ಸಾಂ ಕಡೆಯ ಕಾರ್ಮಿಕರು ಬರುತ್ತಾರೆ. ‘ಇವರೆಲ್ಲ ಬಾಂಗ್ಲಾದವರು, ಗಡೀಪಾರು ಮಾಡಿ’ ಎಂಬ ಮಾತೂ ಅವರ ಬೆನ್ನಿಗೇ ಬರುತ್ತದೆ. ದಾಖಲೆ ಪರಿಶೀಲನೆ ಬೇಡವೆಂದು ಬೆಳೆಗಾರನಾದ ನಾನು ಹೇಳಲಾರೆ. ವಿದೇಶಿಯರನ್ನು ಹೊರಗೆ ಕಳುಹಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿದೆ. ಆದರೆ ಹಾಗೆ ಕಳುಹಿಸಿದ ಮನುಷ್ಯನಿಗೆ ಅಲ್ಲಿ ಏನಾಗುತ್ತದೆ ಎಂದು ವಿಚಾರಿಸುವ ಹೊಣೆಯನ್ನು ನಮ್ಮ ಕಾನೂನು ಯಾರ ಮೇಲೂ ಹೊರಿಸಿಲ್ಲ.

2018ರ ಅಕ್ಟೋಬರ್‌ನಲ್ಲಿ, ಅಸ್ಸಾಂನ ಸಿಲ್ಚಾರ್‌ನಲ್ಲಿ ಬಂಧನದಲ್ಲಿದ್ದ ಏಳು ಮಂದಿ ರೋಹಿಂಗ್ಯಾಗಳನ್ನು ಮಣಿಪುರದ ಗಡಿಯಲ್ಲಿ ಮ್ಯಾನ್ಮಾರ್‌ಗೆ ಒಪ್ಪಿಸಲಾಯಿತು. ಆ ದೇಶದ 1982ರ ಪೌರತ್ವ ಕಾನೂನು ಈ ಸಮುದಾಯವನ್ನು ತನ್ನದೆಂದು ಗುರುತಿಸುವುದೇ ಇಲ್ಲ. ಅವರನ್ನು ನರಮೇಧದಿಂದ ರಕ್ಷಿಸಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2020ರ ಜನವರಿಯಲ್ಲಿ ಮ್ಯಾನ್ಮಾರ್‌ಗೆ ಆದೇಶಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಅಲ್ಲಿ ಸೇನೆಯೇ ಅಧಿಕಾರ ಕಿತ್ತುಕೊಂಡಿತು. ಇಷ್ಟಾದ ಮೇಲೂ, ಜಮ್ಮುವಿನಲ್ಲಿ ಬಂಧಿತರಾಗಿದ್ದ ರೋಹಿಂಗ್ಯಾಗಳ ಗಡೀಪಾರನ್ನು ತಡೆಯಬೇಕೆಂಬ ಅರ್ಜಿ 2021ರ ಏಪ್ರಿಲ್‌ನಲ್ಲಿ ಬಂದಾಗ, ನಿಗದಿತ ಪ್ರಕ್ರಿಯೆ ಪಾಲಿಸದೆ ಕಳುಹಿಸಬಾರದೆಂದ ಸುಪ್ರೀಂ ಕೋರ್ಟ್, ಬೇರೊಂದು ದೇಶದಲ್ಲಿ ನಡೆಯುತ್ತಿರುವುದರ ಬಗ್ಗೆ ತಾನು ಹೇಳಲಾಗದು ಎಂದಿತು. ನನ್ನನ್ನು ಕಾಡುವುದು ಇದೇ ಮಾತು. ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, 1996ರಲ್ಲಿ, ಸಾರಿದ್ದೂ ಇದೇ ನ್ಯಾಯಾಲಯ. ಆ ಹಕ್ಕು ಗಡಿಗೇಟಿನವರೆಗೆ ಮಾತ್ರವೇ?

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಅದನ್ನು ಈವರೆಗೆ ಅನುಮೋದಿಸಿಲ್ಲ. ಚಿತ್ರಹಿಂಸೆಯ ಅಪಾಯವಿರುವ ದೇಶಕ್ಕೆ ಯಾರನ್ನೂ ಕಳುಹಿಸಕೂಡದು ಎಂಬುದು ಅದರ ಮೂರನೇ ವಿಧಿ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದ 2025ರ ಹೊಸ ಕಾಯ್ದೆಯಲ್ಲೂ ಅಂಥ ರಕ್ಷಣೆಯಿಲ್ಲ. ತಾನು ವಿದೇಶಿಯಲ್ಲ ಎಂದು ರುಜುವಾತುಪಡಿಸುವ ಭಾರ ಮಾತ್ರ ಮೊದಲಿನಂತೆಯೇ ಸಿಕ್ಕಿಬಿದ್ದವನ ತಲೆಯ ಮೇಲಿದೆ.

ನಮ್ಮ ಪಕ್ಕದ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಮೈಸೂರು ರಾಜ್ಯ ಟಿಬೆಟನ್ನರಿಗೆ ಭೂಮಿ ಕೊಟ್ಟಿತು. ಅವರನ್ನು ಹಿಂದಕ್ಕೆ ಅಟ್ಟಿದರೆ ಏನಾದೀತೆಂದು ಅಂದಿನವರಿಗೆ ತಿಳಿದಿತ್ತು, ಅದಕ್ಕೆ ಯಾವ ಒಪ್ಪಂದದ ಸಹಿಯೂ ಬೇಕಾಗಿರಲಿಲ್ಲ.

ಪ್ರತಿ ಗಡೀಪಾರಿಗೂ ಮುನ್ನ, ಸೇರಲಿರುವ ದೇಶದಲ್ಲಿ ಆ ವ್ಯಕ್ತಿಗಿರುವ ಅಪಾಯವನ್ನು ಲಿಖಿತವಾಗಿ ಪರಿಶೀಲಿಸಿ, ವಕೀಲರ ಮತ್ತು ಅವರ ಭಾಷೆ ಬಲ್ಲವರ ನೆರವಿನೊಂದಿಗೆ ಅವರ ಅಹವಾಲು ಕೇಳುವುದನ್ನು ಕಡ್ಡಾಯಗೊಳಿಸುವ ತಿದ್ದುಪಡಿಗಾಗಿ ಹಾಸನ, ಚಿಕ್ಕಮಗಳೂರು ಭಾಗದ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಬೇಕೆಂದು ಕೋರುತ್ತೇನೆ.

– ಕಾಫಿ ಬೆಳೆಗಾರ, ಮೂಡಿಗೆರೆ