ನನ್ನ ತಟ್ಟೆಗೆ ಏಡಿ ಬಿಡಿಸಿ ಹಾಕಿದವರಿಗೆ

ಕಳೆದ ವಾರ ಸ್ಕ್ಯಾನ್ ವರದಿ ಕೈಗೆ ಬಂತು. ಎಲ್ಲ ಸರಿ ಇದೆ, ಇನ್ನು ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಅಂದರು ಡಾಕ್ಟರು. ನನಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಲ್ಲಿಂದ ಇಲ್ಲಿಯವರೆಗೆ ಫೋನ್ ಮಾಡಿ ವಿಚಾರಿಸಿದವರು, ಮನೆಗೆ ಗಂಜಿ-ಚಟ್ನಿ ಕಳಿಸಿದವರು, ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತವರು ಎಷ್ಟೋ ಜನ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುವಷ್ಟು ತ್ರಾಣ ಇನ್ನೂ ಬಂದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ಈ ಬರಹದಲ್ಲಿ ಹೆಚ್ಚಿನ ಪಾಲು ನನ್ನ ತಂಗಿಯ ಮನೆಗೆ ಸಲ್ಲಬೇಕು. ಚಿಕಿತ್ಸೆ ಮುಗಿದ ಮೇಲೂ ಊಟವೆಂದರೆ ಮುಖ ತಿರುಗಿಸುತ್ತಿದ್ದ ನನ್ನನ್ನು ಮತ್ತೆ ಊಟಕ್ಕೆ ಕೂರಿಸಿದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಅವಳ ಮನೆ.

ನಮ್ಮದು ಕುಂದಾಪುರದ ಕಡೆ. ಮೀನಿಲ್ಲದ ಊಟ ಹಬ್ಬ-ವ್ರತದ ದಿನಗಳಿಗೆ ಮಾತ್ರ. ನನಗೆ ಕೊಟ್ಟ ಕೀಮೋ ಔಷಧಿಗಳಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವುದೊಂದಿತ್ತು. ಅದು ನರಗಳ ಮೇಲೆ ಕೆಲಸ ಮಾಡುತ್ತದೆ. ತಣ್ಣಗಿರುವುದನ್ನು ಏನು ಮುಟ್ಟಿದರೂ ಬೆರಳಿಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ತಣ್ಣೀರು ಕುಡಿದರೆ ಗಂಟಲು ಬಿಗಿಯುತ್ತಿತ್ತು. ಐಸಿನಲ್ಲಿಟ್ಟ ಬಂಗುಡೆಯನ್ನು ಮುಟ್ಟುವುದೇ ಸಾಧ್ಯವಿಲ್ಲದ ಮೇಲೆ ಮೀನು ತೊಳೆಯುವುದು, ಹೆಚ್ಚುವುದು ಎಲ್ಲಿ ಬಂತು? ಬಾಯಲ್ಲಿ ಸದಾ ಕಬ್ಬಿಣ ಚೀಪಿದ ರುಚಿ. ಆಗ ನಮ್ಮ ಯಜಮಾನರು, ಅಡುಗೆಮನೆಯಲ್ಲಿ ಚಾ ಕಾಯಿಸಿದ್ದು ಬಿಟ್ಟರೆ ಬೇರೇನೂ ಮಾಡಿ ಗೊತ್ತಿಲ್ಲದವರು, ಬಾವಿಕಟ್ಟೆಯಲ್ಲಿ ಕೂತು ಮೀನು ಸರಿ ಮಾಡಲು ಕಲಿತರು. ಬಾಗಿಲಿಗೆ ಮೀನು ತರುವ ಅಮ್ಮ, ಕಾಯಿಲೆಯವರಿಗೆ ಕಾಣೆ ಮೀನು ಒಳ್ಳೆಯದು ಅಂತ ಬುಟ್ಟಿಯಲ್ಲಿ ಬೇರೆಯೇ ತೆಗೆದಿಟ್ಟು ತರುತ್ತಿದ್ದರು. ದುಡ್ಡು ಕೊಡಹೋದರೆ, ಹುಷಾರಾದ ಮೇಲೆ ಲೆಕ್ಕ ಮಾಡುವ ಅನ್ನುತ್ತಿದ್ದರು. ಕೀಮೋ ವಾರ್ಡಿನ ಸಿಸ್ಟರ್‌ಗಳು ಪ್ರತಿ ಸಲವೂ ಕೈಗವಸು ಹಾಕಿಕೊಂಡೇ ಫ್ರಿಜ್ ತೆಗೆಯಿರಿ, ನೀರು ಬೆಚ್ಚಗೆ ಮಾಡಿ ಕುಡಿಯಿರಿ ಅಂತ ಬೇಸರವಿಲ್ಲದೆ ಹೇಳಿದರು. ಇವರೆಲ್ಲರ ಋಣ ದೊಡ್ಡದು.

ಕೀಮೋ ಮುಗಿದಾಗ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ತಣ್ಣಗಿನ ಕಾಟ ನಿಂತಿತು, ಆದರೆ ಬೆರಳ ತುದಿಗಳು ಮರಗಟ್ಟಿಯೇ ಉಳಿದವು. ಈ ಔಷಧಿಯಲ್ಲಿ ಹಾಗಾಗುವುದುಂಟು, ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ವರ್ಷಗಟ್ಟಲೆ ಅಂದರು. ಸೀರೆಗೆ ಪಿನ್ ಚುಚ್ಚುವುದು, ಹೂ ಕಟ್ಟುವುದು, ಬಂಗುಡೆಯ ಮುಳ್ಳು ಬಿಡಿಸುವುದು, ಯಾವುದೂ ಆಗುತ್ತಿರಲಿಲ್ಲ. ಬಾಯಿಗೆ ಮುಳ್ಳು ಹೋದೀತೆಂಬ ಹೆದರಿಕೆಗೆ ಮೀನನ್ನೇ ಬಿಟ್ಟೆ. ನಾಲ್ಕು ಜನರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟೆ.

ತಂಗಿ ವಿಡಿಯೊ ಕರೆಯಲ್ಲಿ ಅದನ್ನು ಗಮನಿಸಿದಳು. "ಅಕ್ಕ, ಡಾಕ್ಟ್ರ್ ಹೂಂ ಅಂದ್ರೆ ಸಾಕ್. ಉಳ್ದದ್ದೆಲ್ಲ ನಾ ಕಾಂತೆ. ನೀ ಒಂದ್ ಬಾ," ಅಂದಳು. ಡಾಕ್ಟರು ಹೂಂ ಅಂದರು. ಟಿಕೆಟ್, ವಿಮೆ, ಔಷಧಿಯ ಚೀಟಿ ಎಲ್ಲವನ್ನೂ ಭಾವನವರು ಅಲ್ಲಿಂದಲೇ ಹೊಂದಿಸಿದರು. ವಿಮಾನ ನಿಲ್ದಾಣಗಳಲ್ಲಿ ನನ್ನ ಗಾಲಿಕುರ್ಚಿ ತಳ್ಳಿದ ಹುಡುಗರ ಹೆಸರು ಕೇಳಲಾಗಲಿಲ್ಲ. ಅವರು ಎಲ್ಲಿದ್ದರೂ ಚೆನ್ನಾಗಿರಲಿ.

ಅವಳ ಮನೆ ಬಾಲ್ಟಿಮೋರ್ ನಗರದ ಹೊರವಲಯದಲ್ಲಿದೆ. ನಾನು ಹೋದದ್ದು ಸೆಪ್ಟೆಂಬರ್ ಹೊತ್ತಿಗೆ. ಚೆಸಾಪೀಕ್ ಕೊಲ್ಲಿಯ ಏಡಿ ಚಳಿಗಾಲದಲ್ಲಿ ಕೆಸರಿನೊಳಗೆ ಹೂತು ಮಲಗಿಬಿಡುತ್ತದೆ. ಅದಕ್ಕೆ ಮೊದಲು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ತಿಂದು ಮಾಂಸ ತುಂಬಿಕೊಂಡಿರುತ್ತದೆ. ಅಲ್ಲಿಯವರು ಈ ದಿನಗಳಿಗಾಗಿ ಕಾಯುತ್ತಾರೆ. ಕೊಲ್ಲಿ ಸುಮಾರು 320 ಕಿಲೋಮೀಟರ್ ಉದ್ದ. ಸಸ್ಕ್ವೆಹಾನ್ನಾ, ಪೊಟೊಮ್ಯಾಕ್ ಮುಂತಾದ ನದಿಗಳ ಸಿಹಿನೀರು ಅಟ್ಲಾಂಟಿಕ್‌ನ ಉಪ್ಪುನೀರಿಗೆ ಸೇರುವ ಜಾಗ. ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಕೂಡಿ ಸಮುದ್ರ ಸೇರುವ ಪಂಚಗಂಗಾವಳಿಯ ಅಳಿವೆಯನ್ನು ನೋಡುತ್ತ ಬೆಳೆದವಳಿಗೆ ಆ ಸಪ್ಪೆ-ಉಪ್ಪಿನ ನೀರಿನ ಗಾಳಿ ಹೊಸದೆನಿಸಲಿಲ್ಲ. ಅಲ್ಲಿಯ ಏಡಿಯ ಕಾಲುಗಳಿಗೆ ಮಾತ್ರ ನೀಲಿ ಬಣ್ಣ. 1989ರಿಂದ ಅದು ಮೇರಿಲ್ಯಾಂಡ್ ರಾಜ್ಯದ ಲಾಂಛನಗಳಲ್ಲಿ ಒಂದು.

ನಾನು ಅಲ್ಲಿಗೆ ಹೋದ ವಾರವೇ ಚೌತಿ. ಮನೆಯಲ್ಲಿ ಮೀನು-ಮಾಂಸ ಇಲ್ಲ. ಲ್ಯಾನಮ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಗಣಪತಿಯ ಎದುರು ನಿಂತಾಗ ಏನು ಬೇಡಿಕೊಳ್ಳಬೇಕೆಂದು ತೋಚದೆ ಸುಮ್ಮನೆ ಕೈಮುಗಿದು ಬಂದೆ.

ಆಮೇಲಿನ ಶನಿವಾರ ಭಾವನವರು ಜೀವಂತ ಏಡಿಯ ಬುಟ್ಟಿ ತಂದರು. ಅಲ್ಲಿ ಏಡಿಯನ್ನು ನೀರಿನಲ್ಲಿ ಬೇಯಿಸುವುದಿಲ್ಲ. ಎತ್ತರದ ಪಾತ್ರೆಯ ಅಡಿಯಲ್ಲಿ ನೀರು, ವಿನೆಗರ್ ಹಾಕಿ, ಮೇಲೆ ಜಾಲರಿಯಿಟ್ಟು, ಒಂದು ಸಾಲು ಏಡಿಗೆ ಒಂದು ಹಿಡಿ ಮಸಾಲೆ ಉದುರಿಸುತ್ತ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಅರ್ಧ ಗಂಟೆಯೊಳಗೆ ನೀಲಿಯೆಲ್ಲ ಕೆಂಪಾಗುತ್ತದೆ. ಹಿತ್ತಿಲಲ್ಲಿ ಉದ್ದ ಮೇಜು, ಮೇಲೆ ಕಂದು ಕಾಗದ, ತಟ್ಟೆಗಳೇ ಇಲ್ಲ. ಏಡಿಯನ್ನು ನಡುವೆ ಸುರಿದರೆ ಸುತ್ತ ಕೂತವರೆಲ್ಲ ಮರದ ಸುತ್ತಿಗೆ, ಸಣ್ಣ ಚಾಕು ಹಿಡಿದು ಶುರು ಮಾಡುವುದೇ. ಪಕ್ಕದ ಮನೆಯ ಹಿರಿಯರು ಬಾಲ್ಟಿಮೋರಿನಲ್ಲೇ ಹುಟ್ಟಿ ಬೆಳೆದವರು, ಹೆಂಡತಿಯೊಂದಿಗೆ ಬಂದಿದ್ದರು. ಏಡಿಯನ್ನು ಅಂಗಾತ ಹಿಡಿದು ತೋರಿಸಿದರು: ಹೊಟ್ಟೆಯ ಮೇಲಿನ ಮುಚ್ಚಳ ವಾಷಿಂಗ್ಟನ್ ಸ್ಮಾರಕದಂತೆ ಚೂಪಾಗಿದ್ದರೆ ಗಂಡು, ಅಲ್ಲಿಯ ಸಂಸತ್ ಭವನದ ಗುಮ್ಮಟದಂತೆ ಅಗಲವಾಗಿದ್ದರೆ ಬಲಿತ ಹೆಣ್ಣು. ನಮ್ಮಲ್ಲೂ ಹೊಟ್ಟೆ ನೋಡಿಯೇ ಹೇಳುವುದು ಅಂದೆ. ಮೊಟ್ಟೆ ಹೊತ್ತ ಹೆಣ್ಣನ್ನು ಹಿಡಿಯಲು ಅಲ್ಲಿ ಕಾನೂನು ಬಿಡುವುದಿಲ್ಲವಂತೆ. ಅದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು.

ನಾನು ಮೇಜಿನ ತುದಿಯಲ್ಲಿ ಕೂತಿದ್ದೆ. ಮರಗಟ್ಟಿದ ಬೆರಳುಗಳಿಗೆ ಏಡಿ ಆಗದ ಮಾತು. ಚಿಪ್ಪಿನ ಅಂಚು ಕೊಯ್ದರೂ ರಕ್ತ ಕಂಡ ಮೇಲೆಯೇ ತಿಳಿಯಬೇಕು. ತಂಗಿಯ ಮಗಳು ಬಂದು ನನ್ನ ಪಕ್ಕ ಕೂತಳು. ಮುಚ್ಚಳ ಎತ್ತಿದಳು, ಮೇಲಿನ ಚಿಪ್ಪು ಬಿಡಿಸಿದಳು, ತಿನ್ನಬಾರದ ಬೂದು ಕಿವಿರು ಕಿತ್ತು ಎಸೆದಳು, ನಡು ಮುರಿದು ಎರಡು ಹೋಳು ಮಾಡಿದಳು. ಈಜುವ ಹಿಂಗಾಲಿನ ಬುಡದಲ್ಲಿ ಒಂದು ದೊಡ್ಡ ಬಿಳಿ ಉಂಡೆ ಸಿಗುತ್ತದೆ, ಏಡಿಯ ಅತ್ಯುತ್ತಮ ಮಾಂಸ ಅದೇ. ಅದನ್ನು ಮುರಿಯದಂತೆ ತೆಗೆದು ನನ್ನ ಮುಂದಿನ ಬಟ್ಟಲಿಗೆ ಹಾಕಿದಳು. "ದೊಡ್ಡಮ್ಮ, ನೀವು ತಿನ್ನಿ, ನಾನು ಬಿಡಿಸ್ತೇನೆ," ಅಂದಳು. ಅವಳ ಅಣ್ಣ ಎದುರಿನಿಂದ ಕೊಂಡಿಯ ಮಾಂಸ ದಾಟಿಸಿದ. ಪಕ್ಕದ ಮನೆಯ ಹಿರಿಯರೂ ತಾವು ಬಿಡಿಸಿದ ಉಂಡೆಯೊಂದನ್ನು ನನ್ನ ಬಟ್ಟಲಿಗಿಟ್ಟು ಮಾತು ಮುಂದುವರಿಸಿದರು. ಯಾರೂ ಕೈಗೇನಾಯಿತು ಅಂತ ಕೇಳಲಿಲ್ಲ. ಅಯ್ಯೋ ಅನ್ನಲಿಲ್ಲ. ಒಂದು ಏಡಿಯಲ್ಲಿ ಸಿಗುವ ಮಾಂಸ ಎಷ್ಟು ಕಡಿಮೆ, ಅದಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ತಿಂದವರಿಗೇ ಗೊತ್ತು. ಅಷ್ಟು ಕಷ್ಟಪಟ್ಟು ತೆಗೆದ ತುತ್ತನ್ನು ಅವರೆಲ್ಲ ಸರದಿಯಲ್ಲಿ ನನಗೆ ಕೊಟ್ಟರು. ಊಟ ಮುಗಿಯುವಾಗ ಕತ್ತಲಾಗಿತ್ತು.

ಆ ಮೊದಲ ತುತ್ತಿಗೆ ನಾಲಿಗೆ ಚುರ್ರೆಂದಿತು. ಖಾರ, ಉಪ್ಪು, ಸೆಲರಿ ಬೀಜದ ಘಾಟು ಬೇರೆಬೇರೆಯಾಗಿ ತಿಳಿದವು. ಕಬ್ಬಿಣದ ರುಚಿ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಅಂತ ಪಕ್ಕದ ಮನೆಯಮ್ಮ ನೀರು ತಂದುಕೊಟ್ಟರು, ಐಸ್ ಹಾಕದೆ. ತಂಗಿ ಮೊದಲೇ ಹೇಳಿಟ್ಟಿದ್ದಳು.

ಅಂದು ಹಾಕಿದ್ದ ಓಲ್ಡ್ ಬೇ ಮಸಾಲೆಯ ಕಥೆಯನ್ನು ಆ ಹಿರಿಯರು ಹೇಳಿದರು. ಮಾಡಿದವರು ಗುಸ್ತಾವ್ ಬ್ರನ್, ಜರ್ಮನಿಯ ಯಹೂದಿ ಮಸಾಲೆ ವ್ಯಾಪಾರಿ. ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸೆರೆಯಲ್ಲಿದ್ದು, ಹೇಗೋ ಬಿಡಿಸಿಕೊಂಡು ಸಂಸಾರದೊಂದಿಗೆ ಬಾಲ್ಟಿಮೋರಿಗೆ ಬಂದವರು. 1939ರಲ್ಲಿ ಮೀನು ಮಾರುಕಟ್ಟೆಯ ಎದುರಿಗೇ ತಮ್ಮ ಕಸುಬು ಮತ್ತೆ ಶುರು ಮಾಡಿ, ಏಡಿ ಮಾರುವವರಿಗಾಗಿ ಈ ಪುಡಿ ಹದ ಮಾಡಿದರು. ಜೀವ ಉಳಿಸಿಕೊಂಡು ಬಂದ ಮನುಷ್ಯ ಅರೆದ ಮಸಾಲೆ ನನ್ನ ನಾಲಿಗೆಯನ್ನು ಎಬ್ಬಿಸಿತು. ಅವರಿಗೂ ನನ್ನ ನಮಸ್ಕಾರ.

ಅಲ್ಲಿಂದ ಮುಂದೆ ಪ್ರತಿ ಶನಿವಾರ-ಭಾನುವಾರ ಒಂದೊಂದು ಊಟ. ವಾಷಿಂಗ್ಟನ್ನಿನ ಮೇನ್ ಅವೆನ್ಯೂ ಮೀನು ಮಾರುಕಟ್ಟೆಗೆ ಹೋದೆವು, 1805ರಿಂದ ನಡೆದುಬಂದದ್ದು, ನದಿಯಲ್ಲಿ ತೇಲುವ ದೋಣಿಗಟ್ಟೆಗಳ ಮೇಲೆಯೇ ಅಂಗಡಿಗಳು. ಅಲ್ಲಿ ಸ್ಪ್ಯಾನಿಶ್ ಮ್ಯಾಕೆರೆಲ್ ಸಿಕ್ಕಿತು. ನಮ್ಮ ಅಂಜಲಿನ ಹತ್ತಿರದ ಬಂಧು, ಮೈಮೇಲೆ ಹಳದಿ ಚುಕ್ಕೆ. ತಂಗಿ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಯಲ್ಲಿ ಹುರಿದಳು. ಇನ್ನೊಂದು ದಿನ ಅದೇ ನೀಲಿ ಏಡಿಯ ಸುಕ್ಕ, ಜೊತೆಗೆ ನೀರುದೋಸೆ. ಸುತ್ತಮುತ್ತಲಿನ ನಮ್ಮ ಕರಾವಳಿಯ ಮನೆಗಳವರು ಬಂದರು. ಮೀನು ತಿನ್ನದ ಉಡುಪಿ ಕಡೆಯ ದಂಪತಿ ಹಾಲುಬಾಯಿ ಮಾಡಿ ತಂದು, ನಮ್ಮ ಜೊತೆಯಲ್ಲೇ ಕೂತು ಉಂಡರು. ಅವರಿಗೆ ವಿಶೇಷ ಧನ್ಯವಾದ.

ಒಮ್ಮೆ ಸಿಂಪಿ ತಿನ್ನಲು ಹೋದಾಗ, ಹಸಿ ಸಿಂಪಿ ನನಗೆ ಕೂಡದೆಂದು ಡಾಕ್ಟರು ಹೇಳಿದ್ದರಿಂದ ನಾನು ಹುರಿದದ್ದು ಕೇಳಿದೆ. ಹಸಿಯದೇ ಪ್ರೀತಿಯಿರುವ ತಂಗಿಯ ಮಗ ತನಗೂ ಹುರಿದದ್ದೇ ತರಿಸಿಕೊಂಡ. ಹದಿಹರೆಯದ ಹುಡುಗನಿಗೆ ಅದನ್ನು ಯಾರು ಹೇಳಿಕೊಟ್ಟರು?

ಹೊರಡುವ ಮುಂಚೆ ಕೊಲ್ಲಿಯ ಆಚೆ ದಡಕ್ಕೆ ಹೋದೆವು. 1952ರಲ್ಲಿ ತೆರೆದ ಸೇತುವೆ, ಸುಮಾರು ಏಳು ಕಿಲೋಮೀಟರ್ ಉದ್ದ. ಆಚೆ ಕೇಂಬ್ರಿಜ್ ಪಟ್ಟಣದಲ್ಲಿ ಚಾಪ್ಟ್ಯಾಂಕ್ ನದಿಯ ದಂಡೆಗೆ ಕೂತು ಕ್ರ್ಯಾಬ್ ಕೇಕ್ ತಿಂದೆ. ಬಿಡಿಸಿದ ಏಡಿಮಾಂಸದ ಉಂಡೆ ಅದು, ಚಮಚದಲ್ಲಿ ತಿನ್ನಬಹುದು, ಬೆರಳಿನ ಹಂಗಿಲ್ಲ. ಈ ಮಾಂಸ ಬಿಡಿಸುವವರು ಯಾರು ಅಂತ ಕೇಳಿದೆ. ಅದೇ ಜಿಲ್ಲೆಯ ಹೂಪರ್ಸ್ ದ್ವೀಪದ ಶೆಡ್ಡುಗಳಲ್ಲಿ, ಮೆಕ್ಸಿಕೋದಿಂದ ಋತುವಿನ ವೀಸಾದ ಮೇಲೆ ಬರುವ ಹೆಂಗಸರು. ಮಕ್ಕಳನ್ನು ಊರಲ್ಲಿ ಬಿಟ್ಟು ತಿಂಗಳುಗಟ್ಟಲೆ ಇದ್ದು, ಬಿಡಿಸಿದ ತೂಕಕ್ಕೆ ತಕ್ಕ ಕೂಲಿ ಪಡೆಯುತ್ತಾರಂತೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಇಡೀ ದಿನ ಕೂತು ಸಿಗಡಿ ಸುಲಿಯುವ ನಮ್ಮ ಹೆಂಗಸರ ಕೈಗಳನ್ನು ನೋಡಿದ್ದೇನೆ. ಬೆರಳು ಕೈಕೊಟ್ಟ ಮೇಲೆ ಆ ಕೆಲಸದ ಬೆಲೆ ನನಗೆ ಬೇರೆಯಾಗಿ ತಿಳಿಯಿತು. ಆ ಅಕ್ಕತಂಗಿಯರಿಗೆ ಈ ಕನ್ನಡ ತಲುಪಲಾರದು. ಆದರೂ ಬರೆಯದಿದ್ದರೆ ನನ್ನ ಮನಸ್ಸು ಒಪ್ಪದು.

ಚಿಕಿತ್ಸೆಯಲ್ಲಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಪ್ರಯಾಣಕ್ಕೂ ಊಟಕ್ಕೂ ಡಾಕ್ಟರನ್ನು ಕೇಳಿ. ಆದರೆ ಯಾರಾದರೂ ಮುಳ್ಳು ತೆಗೆದು ಕೊಡುತ್ತೇನೆ ಅಂದರೆ ಸಂಕೋಚಪಡಬೇಡಿ, ತಟ್ಟೆ ಮುಂದೆ ಮಾಡಿ.

ಈಗ ಬಲಗೈಯ ಹೆಬ್ಬೆರಳು, ತೋರುಬೆರಳಿಗೆ ಸ್ಪರ್ಶ ಬಹುಮಟ್ಟಿಗೆ ಬಂದಿದೆ. ಬಂಗುಡೆಯ ನಡುಮುಳ್ಳು ತೆಗೆಯುವಷ್ಟು ಆಗುತ್ತದೆ. ಡಿಸೆಂಬರ್ ರಜೆಗೆ ತಂಗಿಯ ಸಂಸಾರ ಊರಿಗೆ ಬರುತ್ತಿದೆ. ಮೀನಿನಮ್ಮನಿಗೆ ಏಡಿ, ಕಾಣೆ ಎರಡಕ್ಕೂ ಹೇಳಿಟ್ಟಾಗಿದೆ, ಹಳೆಯ ಲೆಕ್ಕವನ್ನೂ ಅಂದೇ ತೀರಿಸುತ್ತೇನೆ. ಗಂಜಿ ಕಳಿಸಿದ ಮನೆಯವರೆಲ್ಲ ಒಂದು ದಿನ ನಮ್ಮಲ್ಲಿ ಊಟಕ್ಕೆ ಬರಬೇಕು. ಮೀನು ತಿನ್ನದವರಿಗೆ ಬೇರೆ ಒಲೆಯಲ್ಲಿ ಅಡುಗೆ ಮಾಡಿಸುತ್ತೇನೆ. ಯಾವ ಭಾನುವಾರ ಅಂತ ತಂಗಿಯವರ ಟಿಕೆಟ್ ಖಚಿತವಾದ ಕೂಡಲೇ ಫೋನ್ ಮಾಡಿ ತಿಳಿಸುತ್ತೇನೆ.