ಚಿತ್ರೋತ್ಸವ ಮುಗಿದ ಮೇಲೆ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸ್ಕೃತಿ ಸಚಿವರಿಗೆ,

ಸಾದರ ನಮಸ್ಕಾರಗಳು. ಈ ವರ್ಷದ ಚಿತ್ರೋತ್ಸವ ಮುಗಿದು ಎರಡು ತಿಂಗಳಾಯಿತು. ಅದಕ್ಕೆ ಸರ್ಕಾರ ಕೊಟ್ಟ ಅನುದಾನಕ್ಕೆ ಕೃತಜ್ಞತೆ ಹೇಳಿಯೇ ಮುಂದಿನ ಮಾತು ಬರೆಯುತ್ತೇನೆ. ಆ ಏಳು ದಿನಗಳಲ್ಲಿ ನಾನು ಇಪ್ಪತ್ಮೂರು ಚಿತ್ರ ನೋಡಿದೆ. ಕೆಲಸಕ್ಕೆ ರಜೆ ಹಾಕಿ, ಬೆಳಗಿನ ಮೊದಲ ಶೋಗೆ ಸಾಲಿನಲ್ಲಿ ನಿಂತು, ರಾತ್ರಿಯ ಕೊನೆಯ ಶೋ ಮುಗಿಸಿ ಮನೆ ಸೇರುವ ನನ್ನಂಥವರು ನೂರಾರು ಜನ ಅಲ್ಲಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಒಬ್ಬ ಯುವ ನಿರ್ದೇಶಕಿಯ ಮೊದಲ ಚಿತ್ರವಿತ್ತು. ಹೆಸರಾಂತ ನಟರಿಲ್ಲ, ಗೆಳೆಯರೇ ಕೈಯಿಂದ ಹಣ ಹಾಕಿ ಮಾಡಿದ್ದು. ಹೌಸ್‌ಫುಲ್ ಆಯಿತು. ಕುರ್ಚಿ ಸಿಗದವರು ಮೆಟ್ಟಿಲ ಮೇಲೆ ಕೂತರು. ಚಿತ್ರ ಮುಗಿದ ಮೇಲೆ ಸಂವಾದಕ್ಕೆಂದು ಇಟ್ಟಿದ್ದ ಹದಿನೈದು ನಿಮಿಷ ಯಾವ ಮೂಲೆಗೂ ಸಾಲಲಿಲ್ಲ. ಮುಂದಿನ ಶೋ ಇದೆ, ದಯವಿಟ್ಟು ಎದ್ದೇಳಿ ಎಂದು ಸ್ವಯಂಸೇವಕರು ಬೇಡಿಕೊಳ್ಳುವವರೆಗೂ ಪ್ರಶ್ನೆಗಳು ಬರುತ್ತಲೇ ಇದ್ದವು. ಹೊರಗೆ ವಯಸ್ಸಾದವರೊಬ್ಬರು ಏನೂ ಕೇಳದೆ ಆಕೆಯ ಕೈ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಆಮೇಲೆ ನಾನು ಆ ಚಿತ್ರದ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎಲ್ಲರೂ ಕೇಳಿದ್ದು ಒಂದೇ: ಎಲ್ಲಿ ನೋಡಬಹುದು? ನನ್ನ ಬಳಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಅದಕ್ಕೇ ಈ ಪತ್ರ.

ಉತ್ಸವಕ್ಕೆ ಬರುವ ಚಿತ್ರ ಈಗ ರೀಲಿನಲ್ಲಿ ಬರುವುದು ಅಪರೂಪ. ಡಿಸಿಪಿ ಎಂಬ ಡಿಜಿಟಲ್ ಪ್ರತಿಯಾಗಿ, ಒಂದು ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಎಷ್ಟೋ ಸಲ ಅದಕ್ಕೆ ಬೀಗವಿರುತ್ತದೆ. ಆ ಬೀಗ ತೆಗೆಯುವ ಕೆಡಿಎಂ ಎಂಬ ಕೀಲಿ ಇಂಥದೇ ಸರ್ವರಿಗೆ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಎಂದು ನಿಗದಿಯಾಗಿರುತ್ತದೆ. ಗಡುವು ದಾಟಿದರೆ ಡಿಸ್ಕು ಪ್ರೊಜೆಕ್ಟರ್ ಕೋಣೆಯಲ್ಲೇ ಇದ್ದರೂ ಚಿತ್ರ ತೆರೆಯುವುದಿಲ್ಲ. ನಮ್ಮ ಸ್ವತಂತ್ರ ಚಿತ್ರಗಳ ಪಾಡನ್ನು ನೆನೆದಾಗಲೆಲ್ಲ ನನಗೆ ಆ ಕೀಲಿ ನೆನಪಾಗುತ್ತದೆ. ಚಿತ್ರವಿದೆ, ನೋಡಬೇಕೆನ್ನುವವರಿದ್ದಾರೆ, ಏಳು ದಿನದ ಗಡುವು ಮುಗಿದಿದೆ.

ಹಾಗೂ ಹೀಗೂ ಒದ್ದಾಡಿ ಬಿಡುಗಡೆ ಮಾಡಿದರೆ ಏನಾಗುತ್ತದೆಂಬುದು ತಮಗೂ ತಿಳಿದಿರಬಹುದು. ಒಂದೋ ಎರಡೋ ಪರದೆ, ಅದೂ ಜನ ಕೆಲಸಕ್ಕೆ ಹೋಗಿರುವ ಹೊತ್ತಿನ ಶೋ. ಜಾಹೀರಾತಿಗೆ ಹಣವಿಲ್ಲದ ಚಿತ್ರ ನಂಬಿಕೊಂಡಿರುವುದು ನೋಡಿದವರ ಬಾಯಿಮಾತನ್ನು. ಒಬ್ಬರು ನೋಡಿ, ಇನ್ನೊಬ್ಬರಿಗೆ ಹೇಳಿ, ಅವರು ಬಿಡುವು ಮಾಡಿಕೊಂಡು ಹೊರಡಲು ಹತ್ತು ದಿನವಾದರೂ ಬೇಕು. ಮೊದಲ ಮೂರು ದಿನದ ಗಳಿಕೆ ನೋಡಿ ಶೋ ತೆಗೆಯುವ ಪದ್ಧತಿಯಲ್ಲಿ ಆ ಹತ್ತು ದಿನ ಎಲ್ಲಿಂದ ಬರಬೇಕು? ಮೊದಲಾದರೆ ಪ್ರಿಂಟು ಹಾಕಿಸುವ ಖರ್ಚೇ ಅಡ್ಡಿಯಾಗುತ್ತಿತ್ತು. ಡಿಜಿಟಲ್ ಪ್ರದರ್ಶನದ ಮಾನದಂಡ 2005ರಲ್ಲಿ ಬಂದ ಮೇಲೆ ಪ್ರತಿ ತೆಗೆಯುವುದು ಅಗ್ಗವಾಯಿತು, ಹೊಸ ಪ್ರೊಜೆಕ್ಟರ್ ಕೊಳ್ಳುವುದು ಸಣ್ಣ ಚಿತ್ರಮಂದಿರಗಳಿಗೆ ಭಾರವಾಯಿತು. ಈಗ ಕೊರತೆಯಿರುವುದು ಪರದೆಯದು.

ಇದಕ್ಕೆ ದಾರಿ ಹುಡುಕಿದವರು ಇದ್ದಾರೆ. ಫ್ರಾನ್ಸಿನಲ್ಲಿ ಪ್ರತಿ ಸಿನಿಮಾ ಟಿಕೆಟ್ಟಿನ ಬೆಲೆಯಲ್ಲಿ ಶೇಕಡಾ 10.72ರಷ್ಟು ತೆರಿಗೆಯಾಗಿ ಹೋಗಿ, 1946ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಷ್ಟ್ರೀಯ ಸಿನಿಮಾ ಕೇಂದ್ರವನ್ನು ಸೇರುತ್ತದೆ. ಹಾಲಿವುಡ್ಡಿನ ಅದ್ದೂರಿ ಚಿತ್ರ ನೋಡಿದವನ ಹಣದಲ್ಲೂ ಒಂದು ಪಾಲು ಹೊಸಬರ ಚಿತ್ರಕ್ಕೆ, ಕಲಾತ್ಮಕ ಚಿತ್ರ ತೋರಿಸುವ ಸಣ್ಣ ಚಿತ್ರಮಂದಿರಗಳಿಗೆ ಸಿಗುತ್ತದೆ. ದಕ್ಷಿಣ ಕೊರಿಯಾ ಸ್ಥಳೀಯ ಚಿತ್ರಗಳಿಗೆ ವರ್ಷಕ್ಕೆ ಇಷ್ಟು ದಿನ ಎಂದು ಕಾದಿರಿಸಿತು. ಆ 146 ದಿನಗಳನ್ನು 2006ರಲ್ಲಿ 73ಕ್ಕೆ ಇಳಿಸಿದಾಗ ನಟರು, ನಿರ್ದೇಶಕರು ಬೀದಿಗಿಳಿದಿದ್ದರು. ಆದರೆ ಬರೀ ದಿನಗಳ ಮೀಸಲಾತಿಯಿಂದ ನಮ್ಮ ಕಷ್ಟ ತೀರುತ್ತದೆಂದು ನನಗೆ ಅನ್ನಿಸುವುದಿಲ್ಲ. ಕಾದಿರಿಸಿದ ದಿನಗಳನ್ನೂ ದೊಡ್ಡ ನಿರ್ಮಾಪಕರ ಚಿತ್ರಗಳೇ ತುಂಬಿಕೊಳ್ಳಬಹುದು.

ನಾನು ಕೇಳುವುದು ಇಷ್ಟು: ವರ್ಷವಿಡೀ ನಡೆಯುವ ಒಂದು ಸಣ್ಣ ಪರದೆ. ನೂರು ಕುರ್ಚಿ ಸಾಕು. ಹೊಸ ಕಟ್ಟಡ ಬೇಡ. ಸರ್ಕಾರದ ಸಭಾಂಗಣಗಳು ವಾರದಲ್ಲಿ ಎಷ್ಟೋ ಸಂಜೆ ಬೀಗ ಹಾಕಿಕೊಂಡಿರುತ್ತವೆ, ಅವುಗಳಲ್ಲೊಂದು ಸಾಕು. ಒಳ್ಳೆಯ ಪ್ರೊಜೆಕ್ಟರ್, ಮಾತು ಸ್ಪಷ್ಟವಾಗಿ ಕೇಳುವ ಧ್ವನಿ ವ್ಯವಸ್ಥೆ, ಸಂಬಳ ಪಡೆಯುವ ಒಬ್ಬ ಅನುಭವಿ ಪ್ರೊಜೆಕ್ಷನಿಸ್ಟ್. (ಇದನ್ನು ಒತ್ತಿ ಹೇಳುತ್ತೇನೆ. ಸಬ್‌ಟೈಟಲಿನ ಅರ್ಧ ಪರದೆಯಿಂದಾಚೆ ಬಿದ್ದರೂ ಯಾರೂ ಸರಿಪಡಿಸದ ಪ್ರದರ್ಶನಗಳನ್ನು ಬೇಕಾದಷ್ಟು ನೋಡಿದ್ದೇನೆ.) ಉತ್ಸವದಲ್ಲಿ ಜನ ಮೆಚ್ಚಿದ ಚಿತ್ರಕ್ಕೆ ಅಲ್ಲಿ ಕನಿಷ್ಠ ಎರಡು ವಾರ, ದಿನಕ್ಕೊಂದು ಸಂಜೆಯ ಶೋ. ಚಿತ್ರತಂಡಕ್ಕೆ ಪ್ರದರ್ಶನ ಶುಲ್ಕ. ಬೆನ್ನು ತಟ್ಟಿ ಪ್ರಮಾಣಪತ್ರ ಕೊಟ್ಟು ಕಳಿಸುವುದರಿಂದ ಯಾರೂ ಎರಡನೆಯ ಚಿತ್ರ ಮಾಡಲಾರರು. ಖರ್ಚಿಗೆ ಹೊಸ ಅನುದಾನ ಕೇಳುತ್ತಿಲ್ಲ. ಉದ್ಘಾಟನೆ ಮತ್ತು ಸಮಾರೋಪದ ವೇದಿಕೆ, ಅಲಂಕಾರ, ಅತಿಥಿ ಸತ್ಕಾರದ ಬಾಬ್ತಿನಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಿದರೆ ಶುರು ಮಾಡಬಹುದು.

ಜನ ಬರುವುದಿಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಮೊದಮೊದಲು ಅದು ನಿಜವೂ ಆದೀತು. ಉತ್ಸವದಲ್ಲಿ ಜಾತ್ರೆಯ ಹುರುಪಿರುತ್ತದೆ, ಎಂದಿನ ಮಂಗಳವಾರದ ಸಂಜೆಗೆ ಅದಿರುವುದಿಲ್ಲ. ಒಂಬತ್ತು ಜನರಿಗಾಗಿ ಚಿತ್ರ ತೋರಿಸಬೇಕಾದ ದಿನಗಳೂ ಬರುತ್ತವೆ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಚಿತ್ರೋತ್ಸವ 1972ರಲ್ಲಿ ಆರಂಭವಾದ ರಾತ್ರಿ ಅಲ್ಲಿದ್ದ ಪ್ರೇಕ್ಷಕರು ಬರೀ 17. ನಡೆಸುತ್ತಿದ್ದ ಹ್ಯೂಬರ್ಟ್ ಬಾಲ್ಸ್ ಕೈಬಿಡಲಿಲ್ಲ. ಇಂದು ಅದು ಸ್ವತಂತ್ರ ಚಿತ್ರಗಳ ಮಟ್ಟಿಗೆ ಜಗತ್ತಿನ ದೊಡ್ಡ ಉತ್ಸವಗಳಲ್ಲೊಂದು, ಮತ್ತು ಬಾಲ್ಸ್ ಹೆಸರಿನ ನಿಧಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಎಷ್ಟೋ ನಿರ್ದೇಶಕರ ಕೈ ಹಿಡಿದಿದೆ. ಕಲ್ಕತ್ತಾ ಫಿಲಂ ಸೊಸೈಟಿಯನ್ನು 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಟ್ಟಿದಾಗಲೂ ಅದು ಕೆಲವೇ ಜನರ ಕೂಟ. ರಾಯ್ ಆಗಿನ್ನೂ ಚಿತ್ರ ನಿರ್ದೇಶಿಸಿರಲಿಲ್ಲ. ಆದ್ದರಿಂದ ಆ ಪರದೆಗೆ ಮೂರು ವರ್ಷ ಕಾಲಾವಕಾಶ ಕೊಡಿ, ಮೊದಲ ತಿಂಗಳ ಲೆಕ್ಕ ನೋಡಿ ಮುಚ್ಚಬೇಡಿ.

ಇನ್ನೊಂದು ಸಣ್ಣ ಬಿನ್ನಹ. ಉತ್ಸವದಲ್ಲಿ ಗಣ್ಯರಿಗೆಂದು ಕಾದಿರಿಸಿದ ಸಾಲುಗಳು ಖಾಲಿ ಉಳಿದಿರುವಾಗ, ಎರಡು ಗಂಟೆ ಕಾದವರನ್ನು ಬಾಗಿಲಲ್ಲೇ ತಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಚಿತ್ರ ಶುರುವಾಗಲು ಐದು ನಿಮಿಷವಿದೆ ಎನ್ನುವಾಗ ಆ ಕುರ್ಚಿಗಳನ್ನು ಸಾಲಿನಲ್ಲಿ ನಿಂತವರಿಗೆ ಬಿಟ್ಟುಕೊಡುವಂತೆ ತಾವೇ ಒಂದು ಸೂಚನೆ ಕೊಡಿ. ಅದಕ್ಕೆ ಖರ್ಚೇನೂ ಇಲ್ಲ.

ಆ ನಿರ್ದೇಶಕಿ ಎರಡನೆಯ ಚಿತ್ರಕಥೆ ಬರೆಯುತ್ತಿದ್ದಾರಂತೆ. ಮುಂದಿನ ಉತ್ಸವದ ದಿನಾಂಕ ಪ್ರಕಟಿಸುವ ಮೊದಲು ಈ ಪರದೆಯ ಮೊದಲ ಶೋ ಯಾವತ್ತು ಎಂದು ತಿಳಿಸಿ. ಅಲ್ಲಿ ಆಕೆಯ ಚಿತ್ರವನ್ನೇ ಹಾಕುವುದಾದರೆ, ಎಲ್ಲಿ ನೋಡಬಹುದು ಎಂದು ನನ್ನನ್ನು ಕೇಳಿದವರನ್ನೆಲ್ಲ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕ