ಆ 120 ಗ್ರಾಂ ಪೊಟ್ಟಣ

ಪ್ರೀತಿಯ ಮಗಳೇ,

ನಿನ್ನ ಪತ್ರ ಮೂರು ಸಲ ಓದಿದೆ. ಪರೀಕ್ಷೆ, ಹಾಸ್ಟೆಲ್ಲಿನ ಊಟ ಎಲ್ಲ ನಿಮ್ಮಪ್ಪ ಫೋನಿನಲ್ಲೇ ಹೇಳಿದ್ದಾನೆ, ಅದು ಬಿಡು. ಕೊನೆಯ ಆ ಒಂದು ಸಾಲಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ‘ದೊಡ್ಡಪ್ಪ, ನಾವು ಲ್ಯಾಬಿನಲ್ಲಿ ಮಾಡುವ ಬದನೆ ಬೀಜ ನಾಳೆ ಯಾರದಾದರೂ ಮನೆ ಮುರಿದರೆ?’

ಹಾಗೇನೂ ಆಗಲ್ಲ ಅಂತ ಬರೆಯಲು ಪೆನ್ನು ಹಿಡಿದೆ. ಕೈ ಓಡಲಿಲ್ಲ.

ಹುಳ ಕೊಲ್ಲುವ ಗುಣವನ್ನು ಗಿಡದೊಳಗೇ ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತಲ್ಲ, ಅದಕ್ಕೂ ಮೊದಲು ಹಸಿರು ಹುಳಕ್ಕೆ ನಾನು ಹೊಡೆಯದ ಕೀಟನಾಶಕದ ಎಣ್ಣೆ ಇರಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕಿಳಿದ ದಿನ ರಾತ್ರಿ ಊಟ ಸೇರುತ್ತಿರಲಿಲ್ಲ. ನಿನ್ನ ದೊಡ್ಡಮ್ಮ ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು. ಬಿಟಿ ಹಾಕಿದ ಮೇಲೆ ಆ ಪಂಪು ಎಷ್ಟೋ ದಿನ ಸುಮ್ನೆ ಗೂಟಕ್ಕೆ ನೇತಾಡಿತು. ಅದು ಸುಳ್ಳು ಅಂತ ಯಾರೇ ಹೇಳಲಿ, ನಾನು ಒಪ್ಪುವುದಿಲ್ಲ.

ಆದರೆ ಆ ಪೊಟ್ಟಣ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲು. ಸಾದಾ ಗಿಡದಲ್ಲಿ ಬೆಳೆದ ಹುಳ, ಬಿಟಿ ತಿಂದೂ ಸಾಯದ ಹುಳದ ಜೊತೆ ಕೂಡಿದರೆ ಮರಿಗಳು ಬಿಟಿ ತಿಂದರೆ ಸಾಯುತ್ತವೆ. ಇದು ನಿನಗೆ ಪಾಠ. ನಾನು ತಡವಾಗಿ ಕಲಿತದ್ದು. ನನಗೆ ಯಾರೂ ಹೇಳಲಿಲ್ಲ ಅನ್ನುವುದು ಅರ್ಧ ನಿಜ. ಒಳಗೆ ಚೀಟಿ ಇತ್ತು, ಓದಲಿಲ್ಲ. ಹುಳ ಸಾಕಲು ನೆಲ ಯಾಕೆ ಕೊಡಲಿ ಅಂತ ತಿಪ್ಪೆಗೆ ಸುರಿದೆ. ವರ್ಷಾ ವರ್ಷಾ ಸುರಿದೆ.

ಹತ್ತಿ ಕಾಯಿ ಕೊರೆಯುವ ಗುಲಾಬಿ ಹುಳ, ಗುಲಾಬಿ ಕಾಯಿಕೊರಕ, ಮೊದಲು ಗುಜರಾತಿನಲ್ಲಿ ಬಿಟಿಗೆ ಪಳಗಿ ಸಾಯದಾಯಿತು. ಒಂದರ ಬದಲು ಎರಡು ಬಿಟಿ ಜೀನು ಸೇರಿಸಿದ ಬೀಜ ಬಂತು, ಅದಕ್ಕೂ ಪಳಗಿತು. ನಮ್ಮ ಹೊಲದಲ್ಲಿ ಕಾಯಿ ಹೊರಗೆ ಚೆಂದ, ಬಿಡಿಸಿದರೆ ಒಳಗೆ ಹುಳ. ಆ ವರ್ಷ ಎತ್ತು ಮಾರಿದೆ. ಬೀಜದವರನ್ನು ಊರಿಗೆಲ್ಲ ಕೇಳುವ ಹಾಗೆ ಬೈದೆ. ತಿಪ್ಪೆಯ ಮಾತು ಮಾತ್ರ ಬಾಯಿಬಿಡಲಿಲ್ಲ, ನಿನಗೇ ಮೊದಲು ಹೇಳುತ್ತಿರುವುದು.

ಮನೆ ಮುರಿದರೆ ಅಂತ ಕೇಳಿದೆಯಲ್ಲ. ನಮ್ಮದು ಮುರಿಯಲಿಲ್ಲ, ಬಿರುಕು ಬಿಟ್ಟಿತು. ಅದರಲ್ಲಿ ಬೀಜದ ಪಾಲೆಷ್ಟು, ನನ್ನದೆಷ್ಟು, ಇವತ್ತಿಗೂ ಲೆಕ್ಕ ಹತ್ತುತ್ತಿಲ್ಲ.

2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದಾಗ ನಾನೂ ಖುಷಿಪಟ್ಟೆ. ಹೊಲದ ತುಂಬ ಬಿಟಿ ಹತ್ತಿ ಇಟ್ಟುಕೊಂಡು! ಸಂತೆಯ ಬದನೆಗೆ ಎಷ್ಟು ಎಣ್ಣೆ ಬಿದ್ದಿರುತ್ತದೆ ಅಂತ ಗೊತ್ತಿದ್ದೂ. ಬಾಂಗ್ಲಾದೇಶದಲ್ಲಿ 2014ರಲ್ಲಿ 20 ರೈತರು ಅದನ್ನೇ ಹಾಕಿ ಶುರುಮಾಡಿದರು. ಅಲ್ಲಿನದು ಹೈಬ್ರಿಡ್ ಅಲ್ಲವಂತೆ, ರೈತ ಬೀಜ ಎತ್ತಿಟ್ಟುಕೊಳ್ಳಬಹುದು. ನಾಳೆ ಇಷ್ಟೊಂದು ಬಾಯಿಗೆ ಅನ್ನ ಬೇಕು ಅಂತ ಬರೆದಿದ್ದೀಯ, ಸರಿ. ಹಾಗೆ ಎತ್ತಿಡುವ ಬೀಜ ನಿಮ್ಮಲ್ಲೂ ಆಗುತ್ತದಾ ಅಂತ ನಿಮ್ಮ ಮೇಷ್ಟ್ರನ್ನು ಒಮ್ಮೆ ಕೇಳು. ನಾನು ಹೇಳುವುದು ಜಾಸ್ತಿಯಾಯಿತೇನೋ.

ಇನ್ನೊಂದು. ಪೊಟ್ಟಣದ ಚೀಟಿ ಬರೆಯುವ ಕೆಲಸ ಯಾವಾಗಲಾದರೂ ನಿನ್ನ ಪಾಲಿಗೆ ಬಂದರೆ, ಬರೆದು ಸುಮ್ಮನಾಗಬೇಡ. ಯಾರನ್ನಾದರೂ ಬದುವಿಗೆ ಕಳಿಸಿ ಬಾಯಲ್ಲಿ ಹೇಳಿಸು. ನನ್ನಂಥವರು ಓದುವುದಿಲ್ಲ.

ಮೊನ್ನೆ ಅಟ್ಟ ಗುಡಿಸುವಾಗ ಒಂದು ಪೊಟ್ಟಣ ಸಿಕ್ಕಿತು, ಒಡೆಯದ್ದು. ಅದೊಂದು ಹೇಗೆ ತಿಪ್ಪೆ ತಪ್ಪಿಸಿಕೊಂಡಿತೋ. ಮೊಳಕೆ ಬರುವ ಕಾಲ ಎಂದೋ ಮೀರಿದೆ. ಹಬ್ಬಕ್ಕೆ ಬಂದಾಗ ತೆಗೆದುಕೊಂಡು ಹೋಗು.

ನಿನ್ನ ದೊಡ್ಡಪ್ಪ